ಶಮಶಾದಬಿ ಹೇಳದ ಹೆಸರು

"ನಿನ್ನ ಗಂಡನ ಹೆಸರೇನು?" ಎಂದು ವಿದೇಶಿಯರ ಅರ್ಜಿ ನೋಡುವ ಕಚೇರಿಯ ಸಾಹೇಬರು ಕೇಳಿದಾಗ ಶಮಶಾದಬಿ ತಲೆ ತಗ್ಗಿಸಿ ನಿಂತುಬಿಟ್ಟಳು.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಹುಟ್ಟಿ, ಮದುವೆಯಾಗಿ ಕರಾಚಿಗೆ ಹೋದವಳು ಅವಳು. ಅಲ್ಲಿಯ ಮಿಲಿಟರಿ ಸರಕಾರದ ವಿರುದ್ಧ ಮಾತಾಡಿದ ಗಂಡ ಜೇಲಿನಲ್ಲೇ ತೀರಿಕೊಂಡ. ತನ್ನನ್ನೂ ಹುಡುಕತೊಡಗಿದಾಗ, ಎಂಬತ್ತೊಂದರ ಬೇಸಿಗೆಯಲ್ಲಿ ತವರಿಗೆ ಓಡಿಬಂದು, ಇಲ್ಲೇ ಇರಗೊಡಿರೆಂದು ಅರ್ಜಿ ಕೊಟ್ಟಿದ್ದಳು. ಗಂಡನ ಹೆಸರನ್ನು ಅವನಿದ್ದಾಗಲೇ ಬಾಯಿಬಿಟ್ಟು ಆಡಿದವಳಲ್ಲ. ಸತ್ತ ಮೇಲೆ ಅದು ಇನ್ನೂ ಭಾರವಾಗಿತ್ತು. ಸಾಹೇಬರಿಗೆ ಅವಸರ. ಗಂಡನ ಹೆಸರನ್ನೇ ಹೇಳದವಳ ಕಥೆ ಸುಳ್ಳು, ದೇಶ ಬಿಡತಕ್ಕದ್ದು ಎಂದು ಆದೇಶವಾಯಿತು.

ಬಾಗಲಕೋಟೆಯ ವಕೀಲ ಶಂಕ್ರಪ್ಪನವರು ಅದನ್ನೋದಿ ಹಣೆ ಬಡಿದುಕೊಂಡರು. "ನಮ್ಮವ್ವ ಇವತ್ತಿಗೂ ನಮ್ಮಪ್ಪನ ಹೆಸರು ಹೇಳೂದಿಲ್ಲ. ಅಕಿನ್ನೂ ಗಡಿ ದಾಟಸ್ತಾರೇನು? ಹೈಕೋರ್ಟಿಗೆ ಹೋಗೂಣು."

ಜೊತೆಗೆ ಬಂದಿದ್ದ ನೆರೆಮನೆಯ ಗೆಳತಿ ಬಸಲಿಂಗವ್ವ ಸುಮ್ಮನಿರಲಿಲ್ಲ. "ಜಡ್ಜ ಸಾಹೇಬ್ರ ಹೇಣ್ತಿ ಅವರನ್ನ ಏನಂತ ಕರೀತಾರ, ಮದ್ಲ ಅದನ್ನ ಕೇಳ್ರಿ ವಕೀಲರ!"

ಶಂಕ್ರಪ್ಪನವರು ನಕ್ಕರು. "ಈಕಿ ಇಲ್ಲಿ ಇರಬೇಕೋ ಹೋಗಬೇಕೋ ಅನ್ನೂದನ್ನ ಹೈಕೋರ್ಟು ನೋಡೂದಿಲ್ಲವ್ವಾ. ಕಚೇರಿ ಸಾಹೇಬ್ರು ಸರಿಯಾಗಿ ಕೇಳ್ಯಾರೋ ಇಲ್ಲೋ, ಅಷ್ಟ ನೋಡತೈತಿ."

ಬೆಂಗಳೂರಿನಲ್ಲಿ ಹಾಗೆಯೇ ಆಯಿತು. ಮೌನದ ಕಾರಣ ಕೇಳದೆ ಅದನ್ನು ಸುಳ್ಳೆಂದದ್ದು ತಪ್ಪು, ಮತ್ತೆ ವಿಚಾರಿಸಿರಿ ಎಂದು ಹೈಕೋರ್ಟು ಆದೇಶವನ್ನು ರದ್ದು ಮಾಡಿತು.

ಮತ್ತೆ ಅದೇ ಕಚೇರಿ, ಅದೇ ಸಾಹೇಬರು. ಈ ಸಲ ಕುರ್ಚಿ ಹಾಕಿಸಿದರು. "ನಿಮಗೆ ಹೇಳಲಾಗದಿದ್ದರೆ ಈಕೆ ಹೇಳಲಿ" ಎಂದು ಬಸಲಿಂಗವ್ವನ ಕಡೆ ನೋಡಿದರು.

ಬಸಲಿಂಗವ್ವ ಬಾಯಿ ತೆರೆದಳು. ಶಮಶಾದಬಿ ಅವಳ ಕೈ ಒತ್ತಿ ತಡೆದಳು. ಒಬ್ಬರು ತನಗಾಗಿ ಕಾಯುತ್ತಿದ್ದಾರೆ ಎಂಬುದೇ ಅವಳಿಗೆ ಹೊಸದಾಗಿತ್ತು. ಬಸಲಿಂಗವ್ವನ ಮದುವೆ ನೆನಪಾಯಿತು. ಹೊಸ ಮದುಮಗಳನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಪದ ಕಟ್ಟಿ ಅದರೊಳಗೆ ಗಂಡನ ಹೆಸರು ಹೇಳು, ಒಡಪು ಹೇಳು ಎಂದು ಕಾಡಿದವರಲ್ಲಿ ತಾನೇ ಮುಂದಿದ್ದಳು. ಒಡಪಿನಲ್ಲಿ ಹೇಳಿದರೆ ಯಾರೂ ತಪ್ಪೆನ್ನುವುದಿಲ್ಲ.

"ನೂಲಿಗೆ ನೂಲ ಕೂಡಿದರ ಸೆರಗ,
ನನ್ನ ಲಾಲಸಾಬರು ಉಳಿದರು ಜೇಲಿನೊಳಗ."

ಕಾರಕೂನ ಹೆಸರು ಬರೆದುಕೊಂಡ. ಆಮೇಲೆ ಉಳಿದದ್ದನ್ನೆಲ್ಲ ಅವಳೇ ಹೇಳಿದಳು. ಇಳಕಲ್ಲಿನಲ್ಲೇ ಇರಲು ಪರವಾನಗಿ ಸಿಕ್ಕಿತು.

ಹೊರಗೆ ಬಂದು ವಕೀಲರ ಕಾಲಿಗೆ ಬಾಗಹೋದರೆ ಅವರು ಹಿಂದೆ ಸರಿದರು. "ಬ್ಯಾಡವ್ವಾ, ಗೆದ್ದದ್ದು ನಿನ್ನ ಮಾತ."

"ಏ ಶಮಶಾದ, ನನ್ನ ಲಗ್ನದಾಗ ಕಾಲು ಸೋಲೂತನಾ ನಿಂದರಿಸಿದ್ದಿ" ಎಂದಳು ಬಸಲಿಂಗವ್ವ. "ನಿನಗೂ ಪಾಳಿ ಬಂತ ನೋಡು!"

ಊರಿಗೆ ಮರಳುವ ಬಸ್ಸು ಕಮತಗಿ ದಾಟುವಾಗ ಶಮಶಾದಬಿ ಆ ಹೆಸರನ್ನು ಇನ್ನೊಮ್ಮೆ ಮೆಲ್ಲಗೆ ಅಂದುಕೊಂಡಳು, ಒಡಪಿಲ್ಲದೆ. ಪಕ್ಕದಲ್ಲಿದ್ದ ಬಸಲಿಂಗವ್ವನಿಗೆ ಅದು ಕೇಳಿಸಿತು. ಕೇಳಿಸದವಳಂತೆ ಕಿಟಕಿಯಾಚೆ ನೋಡುತ್ತ ಕುಳಿತಳು. ಎಲ್ಲಕ್ಕಿಂತ ಅದಕ್ಕೇ ಶಮಶಾದಬಿಯ ಮನಸ್ಸು ತುಂಬಿ ಬಂತು.