ಹಾಳೆಯ ಕೆಳಮೂಲೆ

ಎರಡನೇ ಸಲ ಕದ ಬಡಿದರೂ ಅವಳು ಪೆಡಲಿನ ಮೇಲಿಂದ ಕಾಲು ತೆಗೆಯಲಿಲ್ಲ. ಹಾಳೆ ಮಗುಚಿ, ಎರಡೂ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮತ್ತೆ ಪೆಡಲು ತುಳಿದಳು. ಓದುವ ದೀಪದ ಹಾಗೆ ಮೇಜಿನ ಮೇಲೆ ಕತ್ತು ಬಗ್ಗಿಸಿ ನಿಂತಿದ್ದ ಸ್ಕ್ಯಾನರು ಒಮ್ಮೆ ಬೆಳಗಿ ಆರಿತು.

"ತೆಗೀತೀಯೋ ಇಲ್ವೋ?" ಅತ್ತೆಯ ದನಿ. "ನಡುಮನೇಲಿ ಅಪ್ಪನ್ನ ಮಲಗಿಸಿಕೊಂಡು ಒಳಗೆ ಏನೇ ನಿನ್ನ ಘನಂದಾರಿ ಕೆಲಸ?"

ತೆಗೆದರೆ ಹೊತ್ತು ಹೋಗುತ್ತದೆ, ತೆಗೆಯದಿದ್ದರೆ ಮಾತು ಬೆಳೆಯುತ್ತದೆ. ಅವಳು ಎದ್ದು ಚಿಲಕ ಸರಿಸಿ, ಅತ್ತೆಯ ಮುಖ ನೋಡದೆ ಬಂದು ಮತ್ತೆ ಕೂತಳು. ಅತ್ತೆ, ಸತ್ತವನ ತಂಗಿ, ಹೊಸ್ತಿಲಲ್ಲೇ ನಿಂತು ಒಳಗಿನ ರಟ್ಟಿನ ಡಬ್ಬಗಳನ್ನು, ಅವುಗಳಿಂದ ಹೊರಬಂದು ಮಂಚದ ತುಂಬ ಹರಡಿದ್ದ ಹಳೆಯ ಕಾಮಿಕ್ಸುಗಳನ್ನು ನೋಡಿದಳು. ಬದುಕಿದ್ದಾಗ ಅವನು ಮಾಡಿದ್ದೂ ಇದೇ, ಈಗ ಮಗಳು ಮಾಡುತ್ತಿರುವುದೂ ಇದೇ, ಈ ಮನೆಗೆ ಬೊಂಬೆಪುಸ್ತಕದ ಹುಚ್ಚು ಹಿಡಿದಿದೆ ಎಂದು ಗೊಣಗಿಕೊಂಡು ಹೋದಳು.

ಅಪ್ಪನನ್ನು ಒಯ್ಯುವ ವ್ಯಾನು ಹೊರಟಿದೆಯಂತೆ. ಅದು ಬರುವುದರೊಳಗೆ ಆದಷ್ಟು ಮುಗಿಯಬೇಕು. ಅಪ್ಪನನ್ನು ಕಳಿಸಿದ ಮೇಲೆ ಈ ಡಬ್ಬಗಳೂ ಹೋಗುತ್ತವೆ. ಅಣ್ಣ ಆಗಲೇ ಒಬ್ಬ ವ್ಯಾಪಾರಿಗೆ ಮಾತು ಕೊಟ್ಟಿದ್ದ. ಕೊಂಡವನು ಒಂದೊಂದು ಕಾಮಿಕ್ಸನ್ನೂ ತೊಳೆಸಿ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಕೂರಿಸಿ, ಸೀಲು ಹಾಕಿಸುತ್ತಾನೆ. ಆಮೇಲೆ ಅವನ್ನು ಯಾರೂ ತೆರೆಯುವಂತಿಲ್ಲ. ನೋಡಬಹುದು, ಮಾರಬಹುದು, ಓದುವಂತಿಲ್ಲ.

ಅವುಗಳ ನಕಲೆಲ್ಲ ಕಂಪ್ಯೂಟರಿನಲ್ಲಿದೆ ಎಂಬ ಧೈರ್ಯದ ಮೇಲೆ ಅವಳೂ ಮೊದಲು ಹೂಂ ಅಂದಿದ್ದಳು. ಆ ನಕಲುಗಳಲ್ಲಿ ಕತೆ ಇತ್ತು, ಬಣ್ಣ ಇತ್ತು. ಅಂಚು ಮಾತ್ರ ಹಾಲಿನ ಹಾಗೆ ಬೆಳ್ಳಗಿತ್ತು. ಯಂತ್ರ ತಾನಾಗಿಯೇ ಒರೆಸಿಬಿಟ್ಟಿತ್ತು. ಅದನ್ನು ಅವಳು ಕಂಡಿದ್ದು ಆಸ್ಪತ್ರೆಯಲ್ಲಿ. ಬೆಳಿಗ್ಗೆ ಎದ್ದವಳೇ ಆ ಶುಚಿ ಮಾಡುವ ಗುಂಡಿಗಳನ್ನೆಲ್ಲ ಆಫ್ ಮಾಡಿ, ಮೊದಲ ಡಬ್ಬದಿಂದ ಮತ್ತೆ ಶುರು ಮಾಡಿದ್ದಳು.

ಅಪ್ಪ ಸೀಸೆ ಕಾರ್ಖಾನೆಯ ಭಟ್ಟಿಯಲ್ಲಿ ದುಡಿದವನು. ಸಾಹೇಬರ ಬಂಗಲೆಗಳ ರದ್ದಿಯಿಂದ ಕಾಮಿಕ್ಸು ಆರಿಸಿ ತಂದು, ಈ ಕ್ವಾರ್ಟರ್ಸಿನ ಕಿಟಕಿಯಲ್ಲಿಟ್ಟು, ಲೈನಿನ ಮಕ್ಕಳಿಗೆಲ್ಲ ಪುಕ್ಕಟೆ ಕೊಡುತ್ತಿದ್ದ. ಇಡೀ ಲೈನಿಗೆ ಅವನು ಕಾಮಿಕ್ಸ್ ಮಾಮ. ಆ ಮಕ್ಕಳಲ್ಲಿ ಅರ್ಧ ಜನ ಬಿಸಿ ಸೀಸೆ ಹೊರುತ್ತಿದ್ದವರು. ಪಾಳಿ ಬಿಟ್ಟವರೇ ನೆಟ್ಟಗೆ ಕಿಟಕಿಗೆ ಬರುತ್ತಿದ್ದರು. 'ಇಲ್ಲಿ ಮಕ್ಕಳನ್ನು ದುಡಿಸಿಕೊಳ್ಳುವುದಿಲ್ಲ' ಎಂದು ಗೇಟಿನ ಪಕ್ಕದ ಬೋರ್ಡು ಅಂದೂ ಹೇಳುತ್ತಿತ್ತು, ಇಂದೂ ಹೇಳುತ್ತದೆ. ವರ್ಷಕ್ಕೊಮ್ಮೆ ಅದಕ್ಕೆ ಹೊಸ ಬಣ್ಣ ಬಳಿಯುತ್ತಾರೆ. ಮಕ್ಕಳಿಗೆ ಹಾಜರಿ ಇರಲಿಲ್ಲ, ಬಿಲ್ಲೆ ಇರಲಿಲ್ಲ. ಗುತ್ತಿಗೆದಾರನ ಬಾಯಲ್ಲಿ ಅವರೆಲ್ಲರಿಗೂ ಒಂದೇ ಹೆಸರು, ಏಯ್. ಅವರು ಅಲ್ಲಿದ್ದರು ಎನ್ನುವುದಕ್ಕೆ ಈ ಹಾಳೆಗಳ ಅಂಚಿಗೆ ಮೆತ್ತಿದ ಮಸಿ ಬಿಟ್ಟರೆ ಭೂಮಿಯ ಮೇಲೆ ಬೇರೆ ಗುರುತಿಲ್ಲ.

ಅವಳು ಪೆಡಲು ತುಳಿದಳು. ದೀಪ ಬೆಳಗಿತು.

*

ಸ್ಕ್ಯಾನರು ಕೊಳ್ಳಲು ಹೋದ ದಿನ ಅಪ್ಪ ಒಂದು ಕಾಮಿಕ್ಸನ್ನು ಅಂಗಿಯೊಳಗೆ ಎದೆಗವಚಿಕೊಂಡು ಬಂದಿದ್ದ. ಇದ್ಯಾಕಪ್ಪ ಅಂದದ್ದಕ್ಕೆ, "ಗಂಡು ನೋಡೋಕೆ ಹೋಗ್ವಾಗ ಹುಡುಗೀನ ಮನೇಲಿ ಬಿಟ್ಟು ಹೋಗ್ತಾರೇನೇ?" ಎಂದ.

ಅಂಗಡಿಯವನು ಮೊದಲು ತೋರಿಸಿದ್ದು ಗಾಜಿನ ಮೇಲೆ ಪುಸ್ತಕ ಬೋರಲು ಹಾಕಿ ಮುಚ್ಚಳ ಅದುಮುವ ಯಂತ್ರ. ಅದುಮಿದ ಕೂಡಲೇ ಪಿನ್ನಿನ ಹತ್ತಿರ ಹಾಳೆ ಚರ್ ಎಂದಿತು. ಅಪ್ಪ ಅವನ ಕೈ ತಳ್ಳಿ ಪುಸ್ತಕ ಎತ್ತಿಕೊಂಡ. ಎರಡನೆಯದು ಹಾಳೆಗಳನ್ನು ಒಂದೊಂದಾಗಿ ಎಳೆದು ನುಂಗಿ ಆಚೆ ಉಗುಳುವಂಥದ್ದು. ವೇಗಕ್ಕೆ ಎಣೆಯಿಲ್ಲ, ಆದರೆ ಪಿನ್ನು ಕಿತ್ತು ಪುಸ್ತಕವನ್ನು ಬಿಡಿಬಿಡಿ ಮಾಡಿ ಕೊಡಬೇಕು. "ಅಂದ್ರೆ ಕೊಯ್ದು ಬಡಿಸಬೇಕು ಅನ್ನು," ಎಂದು ಅಪ್ಪ ಹೊರಟೇಬಿಟ್ಟಿದ್ದ. ಅಂಗಡಿಯವನು ನಿಲ್ಲಿಸಿ ಮೂರನೆಯದನ್ನು ತೆಗೆದ. ಇದು ಮೇಲಿಂದ ಫೋಟೋ ತೆಗೆಯುತ್ತದೆ. ಪುಸ್ತಕ ಅಂಗಾತ ತೆರೆದಿಟ್ಟು ಅಂಚು ಹಿಡಿದುಕೊಂಡರೆ ಸಾಕು, ಉಬ್ಬಿದ ಹಾಳೆಯನ್ನು ತಾನೇ ಸಪಾಟು ಮಾಡಿ ತೋರಿಸುತ್ತದೆ. ಗಾಜಿಲ್ಲ, ಮುಚ್ಚಳವಿಲ್ಲ. ಅವನು ಒಂದೊಂದೇ ಗುಂಡಿ ಒತ್ತಿದ. ಪರದೆಯ ಮೇಲೆ ಹಳೆಯ ಹಾಳೆಯ ಕಂದು ಬಣ್ಣ ಹೋಯಿತು, ಕಲೆ ಹೋಯಿತು, ಕೊನೆಗೆ ಹಿಡಿದಿದ್ದ ಅವನ ಬೆರಳುಗಳೂ ಹೋದವು. ಅವಳಿಗೆ ಖುಷಿಯೋ ಖುಷಿ. ಇದೇ ಇರಲಿ ಎಂದಳು.

ಭಟ್ಟಿಯ ಬೆಂಕಿ ನೋಡಿ ನೋಡಿ ಮಂಜಾದ ಕಣ್ಣು ಅಪ್ಪನದು. ಪರದೆಯಲ್ಲಿ ಏನಾಯಿತೆಂದು ಅವನಿಗೆ ಕಾಣಲಿಲ್ಲ. ಪುಸ್ತಕನ ಮುಟ್ಟಲ್ಲ ತಾನೆ ಎಂದಷ್ಟೇ ಕೇಳಿದ. ಮುಟ್ಟಲ್ಲಪ್ಪ ಎಂದಳು.

ಆಮೇಲೆ ದಿನಾ ಸಂಜೆ ಅವಳ ಕಾಲು ಪೆಡಲಿನ ಮೇಲೆ, ಅವನ ಎರಡು ಹೆಬ್ಬೆರಳು ಹಾಳೆಯ ಕೆಳಮೂಲೆಗಳ ಮೇಲೆ. ಬಂತಾ ಎಂದು ಅವನು ಕೇಳುವುದು, ಬಂತು ಎಂದು ಇವಳು ಹೇಳುವುದು. ಕತೆ ಸರಿಯಾಗಿ ಬಂದಿದೆಯೇ ಎಂದು ನೋಡಿದಳೇ ಹೊರತು ಅವಳ ಕಣ್ಣು ಅಂಚಿಗೆ ಹೋಗಲಿಲ್ಲ. ಒಂದೇ ಒಂದು ಸಂಜೆ, ನೀಲಿ ಹಡಗಿನ ಕಾಮಿಕ್ಸಿನ ಹಿಂದಿನ ರಟ್ಟು ಹಿಡಿಯುವಾಗ, ಅವನು ಕೈಯೆರಡನ್ನೂ ಮೇಲಕ್ಕೆ ಒಯ್ದ. ಕೆಳಗೆ ಹಿಡಿ, ಇಲ್ಲಾಂದ್ರೆ ರಟ್ಟು ಏಳುತ್ತೆ ಎಂದು ಅವಳು ರೇಗಿದ್ದಳು.

"ಏಳಲಿ ಬಿಡು. ಇದಕ್ಕೆ ಮೇಲೇ ಇರಲಿ."

*

"ನನಗೂ ಒಂದು ಕೆಲಸ ಕೊಡೇ. ಆಚೆ ಕೂತು ಕೂತು ಸಾಕಾಯ್ತು."

ಬಾಗಿಲಲ್ಲಿ ಸೀಸೆ ಅಕ್ಕ ನಿಂತಿದ್ದಳು, ಪಕ್ಕದ ಮನೆಯವಳು. ತಲೆ ನರೆತರೂ ಲೈನಿನಲ್ಲಿ ಅವಳ ಹೆಸರು ಅದೇ. ಫ್ರಾಕು ಹಾಕಿಕೊಳ್ಳುವ ವಯಸ್ಸಿನಲ್ಲೇ ಸೀಸೆ ಹೊತ್ತವಳು. ಕೇಳದೆಯೇ ಬಂದು ಎದುರು ಕೂತು ಹಾಳೆ ಹಿಡಿದಳು. ಎರಡು ಕೈ ಹೆಚ್ಚಾದದ್ದೇ ಕೆಲಸ ಓಡಿತು. ನಡುವೆ ಒಂದು ಪುಟದಲ್ಲಿ ರಾಣಿಗೆ ಪೆನ್ಸಿಲಿನ ಮೀಸೆ ಬಂತು.

"ಇದು ನಂದೇ," ಎಂದಳು ಸೀಸೆ ಅಕ್ಕ. "ಗುತ್ತಿಗೆದಾರನ ಮೀಸೆ. ಅವನಿಗಿಂತ ಇವಳಿಗೇ ಒಪ್ಪುತ್ತೆ ನೋಡು."

ಇಬ್ಬರೂ ಸದ್ದಿಲ್ಲದೆ ನಕ್ಕರು. ನಗು ಇಳಿಯುವಷ್ಟರಲ್ಲಿ ಅಣ್ಣ ಒಳಗೆ ಬಂದ. ಅವನ ಹಿಂದೆ ಬಿಳಿ ಕೈಗವಸಿನ ವ್ಯಾಪಾರಿ. ಆಮೇಲೆ ಬರಬೇಕಾದವನು ಮೊದಲೇ ಬಂದಿದ್ದ. ನಡುಮನೆಯಲ್ಲಿ ಮಲಗಿದ್ದವನಿಗೆ ಕೈ ಮುಗಿದು, ತಪ್ಪು ತಿಳಿಯಬೇಡಿ, ಗಾಡಿ ಇವತ್ತೇ ಸಿಕ್ಕಿದ್ದು ಎಂದು ಮೆಲ್ಲಗೆ ಹೇಳಿದ. ಕೆಟ್ಟವನ ಹಾಗೆ ಕಾಣಲಿಲ್ಲ. ನಂಬಿಕೆಗೆ ಒಂದು ಮಾದರಿ ತಂದಿದ್ದೇನೆ, ನಿಮ್ಮ ಅಣ್ಣ ಹೋದ ತಿಂಗಳು ಕೊಟ್ಟಿದ್ದು ಎಂದು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ.

ದಪ್ಪ ಪ್ಲಾಸ್ಟಿಕ್ಕಿನೊಳಗೆ ನೀಲಿ ಹಡಗು ಹೊಸದಾಗಿ ನೀರಿಗಿಳಿದ ಹಾಗೆ ಹೊಳೆಯುತ್ತಿತ್ತು.

ಅವಳು ಅದನ್ನು ಮಗುಚಿದಳು. ಹಿಂದಿನ ರಟ್ಟು ಹಳದಿ. ಎಡಗಡೆಯ ಕೆಳಮೂಲೆ ನೋಡಿದಳು. ಅಲ್ಲೂ ಹಳದಿ.

"ತುಂಬಾ ಹಠದ ಕಲೆ ಇತ್ತಮ್ಮ ಅಲ್ಲಿ," ಎಂದ ವ್ಯಾಪಾರಿ. "ನಮ್ಮವರು ಜಾಣರು, ಗುರುತೂ ಉಳಿಸಿಲ್ಲ."

*

ಆಸ್ಪತ್ರೆಯಲ್ಲಿ ಅಪ್ಪನಿಗೆ ಉಸಿರು ಅಳೆದು ಅಳೆದು ಬರುತ್ತಿತ್ತು. ಫೋನಿನಲ್ಲಿ ಕಾಮಿಕ್ಸು ಇದೆಯಾ ಎಂದು ಕೇಳಿದ. ಎಲ್ಲಾ ಇದೆ ಎಂದಳು.

"ಹಡಗಿಂದು ತೆಗಿ. ಹಿಂದಿನ ರಟ್ಟು. ಕೆಳಗೆ, ಎಡಗಡೆ. ಇದೆಯಾ?"

"ಏನಪ್ಪ?"

"ನಿಮ್ಮಣ್ಣನ ಬೆರಳು."

ಅವಳು ಚಿತ್ರವನ್ನು ಹಿಗ್ಗಿಸಿದಳು. ಇನ್ನೂ ಹಿಗ್ಗಿಸಿದಳು. ಬರೀ ಹಳದಿ. ಬೇರೆ ಪುಟ ತೆಗೆದಳು, ಬೇರೆ ಪುಸ್ತಕ ತೆಗೆದಳು. ಎಲ್ಲ ಅಂಚೂ ಬಿಳಿ. ಅಂಗಡಿಯವನು ಒತ್ತಿ ತೋರಿಸಿದ್ದ ಗುಂಡಿಗಳು ಆಗ ನೆನಪಾದವು.

"ಇದೆಯಪ್ಪ," ಎಂದಳು.

ಅವನು ಕೈ ಚಾಚಿದ. ಅವಳು ಅವನ ಬೆರಳು ಹಿಡಿದು ಆ ಬರಿ ಹಳದಿಯ ಮೇಲೆ ಇಟ್ಟಳು.

"ಇರಲಿ," ಎಂದ ಅಪ್ಪ. ಆಮೇಲೆ ಕಾಮಿಕ್ಸಿನ ಮಾತೇ ಎತ್ತಲಿಲ್ಲ.

*

ವ್ಯಾಪಾರಿ ಅಂಗಳಕ್ಕೆ ಹೋಗಿ ನಿಂತ ಮೇಲೆ ಅವಳು ಕೇಳಿದಳು.

"ಇಷ್ಟೊಂದು ಡಬ್ಬ ಇತ್ತು. ಇದೇ ಬೇಕಿತ್ತಾ ಅಣ್ಣ?"

"ಇದೇ ಬೇಕಿತ್ತು. ಅದರಲ್ಲಿ ಇದ್ದಿದ್ದು ನನ್ನ ಮಸಿ. ನಂದು ನಾನು ತೊಳೆಸ್ಕೊಂಡೆ."

"ಅಪ್ಪ ಕೊನೇಲಿ ಕೇಳಿದ್ದು ಅದೊಂದನ್ನೇ."

"ಕೇಳ್ತಾನೆ, ಯಾಕೆ ಕೇಳಲ್ಲ." ಅಣ್ಣನ ದನಿ ಏರಲಿಲ್ಲ. ನಡುಮನೆಗೆ ಕೇಳದಂತೆ ಹಲ್ಲಿನ ಸಂದಿಯಿಂದಲೇ ಬಂತು. "ನೀನು ಆಗ ತೊಟ್ಟಿಲಲ್ಲಿದ್ದೆ. ಮುಷ್ಕರದಲ್ಲಿ ಅವನ ಕೆಲಸ ಹೋಯ್ತು. ಮಕ್ಕಳನ್ನ ಕಳಿಸಿ, ನಿಮ್ಮನ್ನ ಮತ್ತೆ ತಗೋತೀವಿ ಅಂದ ಗುತ್ತಿಗೆದಾರ. ಕಳಿಸ್ದ. ಮೊದಲ್ನೇ ಪಾಳಿ ಮುಗಿಸ್ಕೊಂಡು ಬಂದೆ ನಾನು. ಅಂಗೈಯೆಲ್ಲ ಬೊಬ್ಬೆ. ಅಳ್ಲಿಲ್ಲ. ಕಿಟಕಿ ಹತ್ರ ಹೋಗಿ ಈ ಹಡಗಿನ ಪುಸ್ತಕ ಎತ್ಕೊಂಡೆ. ಏನಂದ ಗೊತ್ತಾ? ಕೈ ತೊಳ್ಕೊಂಡು ಮುಟ್ಟೋ ಅಂದ. ಅವನು ನೋಡಿದ್ದು ಪುಸ್ತಕ. ನನ್ನ ಕೈಯಲ್ಲ."

ಸೀಸೆ ಅಕ್ಕ ತನ್ನ ಅಂಗೈಗಳನ್ನು ಮಡಿಲಲ್ಲಿ ಬೋರಲು ಹಾಕಿ ಕೂತಿದ್ದಳು.

"ಮಸಿ ನಿನ್ನೊಬ್ಬನದೇ ಅಲ್ಲ ಕಣಪ್ಪ," ಎಂದಳು. "ಇನ್ನುಳಿದ ಡಬ್ಬದಲ್ಲಿ ನಂದೂ ಇದೆ. ಪಾಳಿಗೆ ಹೋಗಿ ವಾಪಸು ಬರದೇ ಹೋದವರದೂ ಇದೆ. ಅದನ್ನ ತೊಳೆಸೋಕೆ ನಿಂಗೆ ಯಾರು ಹೇಳಿದ್ರು?"

"ಹಾಗಾದ್ರೆ ನೀವೇ ಇಟ್ಕೊಳಿ ಅಕ್ಕ. ಎಲ್ಲಿಡ್ತೀರ? ತೀರಿಕೊಂಡೋರ ಮನೆ ಈ ತಿಂಗಳೇ ಖಾಲಿ ಮಾಡ್ಬೇಕು ಅಂತ ಕಾರ್ಖಾನೆಯಿಂದ ಆಳು ಬಂದು ಹೇಳಿಹೋದ, ಹೆಣ ಮನೆಗೆ ಬರೋಕೆ ಮೊದಲೇ. ನನ್ನ ಮನೇಲಿ ಕಾಲು ಚಾಚೋಕೆ ಜಾಗ ಇಲ್ಲ."

ಆಚೆ ವ್ಯಾನಿನ ಸದ್ದಾಯಿತು. ಚಪ್ಪಲಿಗಳು ಸರಿದವು, ಕುರ್ಚಿಗಳನ್ನು ಗೋಡೆಗೆ ಎಳೆದರು. ಅತ್ತೆಯ ಅಳು ಒಮ್ಮೆಗೇ ಮೇಲೆದ್ದಿತು. ಎತ್ತಬೇಕು ಬಾ ಎಂದು ಯಾರೋ ಅಣ್ಣನನ್ನು ಕರೆದರು. ಅವನು ಅಂಗಿಯ ತೋಳು ಮಡಿಸಿಕೊಳ್ಳುತ್ತ ಬಾಗಿಲಿಗೆ ಹೋದ.

ಅವಳು ಮಂಚದ ಕಡೆ ನೋಡಿದಳು. ತೆರೆಯದ ಡಬ್ಬಗಳೇ ಹೆಚ್ಚು. ಕಂಪ್ಯೂಟರು ಆರಿಸಲು ಕೈ ಚಾಚಿದಳು.

"ತಾಳೇ," ಎಂದಳು ಸೀಸೆ ಅಕ್ಕ. "ಆ ಹಡಗಿಂದು ಹಳೇ ನಕಲು ಇರಬೇಕಲ್ಲ. ತೋರಿಸು ಒಂದ್ಸಲ."

"ಅದರಲ್ಲಿ ಏನೂ ಇಲ್ಲ ಅಕ್ಕ. ಅಳಿಸಿಹೋಗಿದೆ."

"ಅಳಿಸಿದ್ದನ್ನೇ ತೋರಿಸು. ಮಾಮ ಹಿಡಿದ ಪುಸ್ತಕ ಅಲ್ವಾ."

ಅವಳು ಹಳೆಯ ನಕಲು ತೆರೆದಳು. ರಟ್ಟು ಪರದೆಯ ತುಂಬ ಹರಡಿಕೊಂಡಿತು. ಅವಳಿಗೆ ಮೊದಲು ತಿಳಿಯಲಿಲ್ಲ, ಬೇರೆ ಯಾವುದೋ ತೆರೆದೆ ಅನಿಸಿತು. ಹಳದಿ ಕಂದಾಗಿತ್ತು, ಮಡಿಕೆಗಳು ಎದ್ದಿದ್ದವು. ಬೆಳಿಗ್ಗೆ ತಾನು ಗುಂಡಿಗಳನ್ನು ಆಫ್ ಮಾಡಿದ್ದು ನೆನಪಾಯಿತು. ಯಂತ್ರ ಅಳಿಸಿರಲಿಲ್ಲ. ತೆಗೆದ ಹಾಗೆಯೇ ಒಳಗೆ ಇಟ್ಟುಕೊಂಡು, ತೋರಿಸುವಾಗ ಮಾತ್ರ ಒರೆಸಿ ತೋರಿಸುತ್ತಿತ್ತು. ಇಷ್ಟು ದಿನ ಅವಳು ನೋಡಿದ್ದು ಒರೆಸಿದ್ದನ್ನು.

ಅವಳು ಬೇರೆ ಪುಟ ಒತ್ತಿದಳು, ಮತ್ತೊಂದು, ಇನ್ನೊಂದು ಪುಸ್ತಕ. ಅಂಚಿನ ತುಂಬ ಮಸಿ. ಪ್ರತಿ ಹಾಳೆಯ ಎರಡು ಕೆಳಮೂಲೆಯಲ್ಲೂ ಹೊರಗೆ ಮಲಗಿದ್ದವನ ಹೆಬ್ಬೆರಳು, ಎಡದ್ದು ನೆಟ್ಟಗೆ, ಬಲದ್ದು ಉಗುರಿಲ್ಲದೆ ಸೊಟ್ಟಗೆ.

"ಅಣ್ಣಾ."

ಬಾಗಿಲು ದಾಟಿದ್ದವನು ನಿಂತ. ಅವಳ ದನಿಯಲ್ಲಿ ಏನಿತ್ತೋ, ಜನರ ನಡುವಿಂದ ಹಿಂದಿರುಗಿ ಬಂದ. ಅವಳು ಪುಟಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದಳು. ಕೆಳಮೂಲೆಯಲ್ಲಿ ಹೆಬ್ಬೆರಳು, ಕೆಳಮೂಲೆಯಲ್ಲಿ ಹೆಬ್ಬೆರಳು, ಕೆಳಮೂಲೆಯಲ್ಲಿ ಹೆಬ್ಬೆರಳು. ಹಡಗಿನ ರಟ್ಟು ಬಂತು.

ಅದರಲ್ಲಿ ಎರಡು ಕೈಯೂ ಮೇಲಿದ್ದವು. ಹಿಡಿತವಿಲ್ಲದ ರಟ್ಟಿನ ಕೆಳಭಾಗ ಸ್ವಲ್ಪ ಎದ್ದು ಬಾಗಿತ್ತು. ಎಡಮೂಲೆಯಲ್ಲಿ, ಅಪ್ಪನ ಬೆರಳು ಮುಟ್ಟದ ಜಾಗದಲ್ಲಿ, ಸಣ್ಣದೊಂದು ಕಪ್ಪು ಹೆಬ್ಬೆಟ್ಟು. ನಡುವೆ ಬೊಬ್ಬೆ ಒಡೆದ ಕಡೆ ಗೆರೆಗಳಿರಲಿಲ್ಲ.

ಆಚೆ ವ್ಯಾನಿನವನು ಹಾರ್ನ್ ಒತ್ತಿದ. ಡಬ್ಬ ಎತ್ತಿಸಲಾ ಎಂದು ಬಾಗಿಲಲ್ಲಿ ವ್ಯಾಪಾರಿ ಕೇಳಿದ. ಅಣ್ಣ ಪರದೆಯ ಕಡೆಗೆ ಚಾಚಿದ ಕೈಯನ್ನು ಅರ್ಧದಲ್ಲೇ ತಡೆದ. ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ನೋಡಿಕೊಂಡು, ಮತ್ತೊಮ್ಮೆ ಒರೆಸಿಕೊಂಡ.