ಮನೆಯವರು ಕೊನೆಗೆ

ಆ ಮನೆಗೂ ಆಸ್ಪತ್ರೆಗೂ ನಡುವೆ ಒಂದೇ ಗೋಡೆ. ಗೋಡೆಯಲ್ಲಿ ಒಂದು ಬಾಗಿಲು. ಅಡುಗೆಮನೆಯಲ್ಲಿ ಕಾಯಿಸಿದ ನೀರನ್ನು ಡಾಕ್ಟರ ಕೋಣೆಗೆ ಕೊಡುವುದಕ್ಕೆಂದು ಇಟ್ಟ ಬಾಗಿಲು ಅದು. ಬಿಸಿನೀರು ಆ ಬಾಗಿಲನ್ನು ದಾಟಬಹುದಿತ್ತು. ಒಗೆದು ಮಡಿಸಿದ ಬಟ್ಟೆ ದಾಟಬಹುದಿತ್ತು. ಮನೆಯ ಬೆಕ್ಕಂತೂ ಹೇಳದೆ ಕೇಳದೆ ದಾಟುತ್ತಿತ್ತು. ಮನೆಯವರು ಮಾತ್ರ ದಾಟುವಂತಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದರೆ ಅವರು ಮುಂಬಾಗಿಲಿನಿಂದ ಬೀದಿಗೆ ಇಳಿದು, ಕಾಂಪೌಂಡು ಸುತ್ತಿ, ಆಸ್ಪತ್ರೆಯ ಜಗುಲಿ ಹತ್ತಿ, ಉದ್ದನೆಯ ಬೆಂಚಿನ ತುದಿಯಲ್ಲಿ ಕೂರಬೇಕು. ತಮ್ಮ ಹಿಂದೆ ಬಂದವರನ್ನೂ ಮುಂದಕ್ಕೆ ಬಿಟ್ಟು ಮತ್ತೆ ತುದಿಗೆ ಸರಿಯಬೇಕು. "ಮನೆಯವರು ಕೊನೆಗೆ." ಇದು ಆ ಮನೆಯ ಪದ್ಧತಿ.

ಆ ಬಾಗಿಲಿನ ಮುಂದೆ ನಿಂತು ಅತ್ತೆ ದಿನವೂ ಹಲ್ಲು ಕಡಿಯುತ್ತಿದ್ದಳು.

ಅತ್ತೆ ಎಂದರೆ ಡಾಕ್ಟರ ಅಕ್ಕ. ಗಂಡ ತೀರಿಕೊಂಡ ಮೇಲೆ ತಾಯ್ನಾಡಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿಕೊಂಡು ಇದ್ದವಳು. ತಮ್ಮನ ಹೆಂಡತಿ ಹೋದಳೆಂಬ ಸುದ್ದಿ ಬಂದಾಗ ಸಮುದ್ರ ದಾಟಿ ಈ ಪರದೇಶಕ್ಕೆ ಬಂದಳು. ತಬ್ಬಲಿಯಾದ ಎರಡು ಹೆಣ್ಣುಮಕ್ಕಳ ಮುಖ ನೋಡಿ ಉಳಿದುಬಿಟ್ಟಳು. ಮಕ್ಕಳು ಅತ್ತೆ ಎಂದು ಕರೆಯುವುದನ್ನು ಕೇಳಿದ ಬೀದಿಯ ಜನ ಅದೇ ಅವಳ ಹೆಸರು ಎಂದುಕೊಂಡರು. ಅವಳಿಗಿಂತ ಹಿರಿಯರಾದ ಮುದುಕರೂ ದಾರಿಯಲ್ಲಿ ಟೋಪಿ ತೆಗೆದು, "ಅತ್ತೇ, ಕ್ಷೇಮವೇ?" ಎನ್ನುತ್ತಿದ್ದರು. ಅವಳು ನಗು ತಡೆದುಕೊಂಡು, "ಕ್ಷೇಮ ಅಳಿಯಂದಿರೇ," ಎಂದು ತನ್ನ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದಳು.

ಪದ್ಧತಿ ಆಸ್ಪತ್ರೆಗೆ ಮಾತ್ರ ಸೀಮಿತವಾಗಿರಲಿಲ್ಲ. ಡಾಕ್ಟರ ತಂದೆ, ಮಕ್ಕಳ ತಾತ, ಹಳೆಯ ಕಾಲದ ಕ್ರೈಸ್ತ ಬೋಧಕರು. ಅವರು ಊಟದ ಮೇಜಿಗೆ ಬಂದವರೇ ಕುರ್ಚಿಯ ಬೆನ್ನು ಹಿಡಿದು ನಿಂತು, "ಬಂದವರದ್ದು ಆಯ್ತಾ?" ಎಂದು ಕೇಳುತ್ತಿದ್ದರು. ಬಂದವರು ಎಂದರೆ ದೂರದಿಂದ ಬಂದ ರೋಗಿಗಳು, ಅವರ ಜೊತೆಗೆ ಬಂದ ನೆಂಟರು, ಸುಮ್ಮನೆ ಮಾತಾಡಲು ಬಂದು ಊಟದ ವಾಸನೆಗೆ ಉಳಿದವರು. ಅವರೆಲ್ಲರದ್ದೂ ಆದ ಮೇಲೆ ಮನೆಯವರು ಕೂರಬೇಕು. ಎಷ್ಟೋ ದಿನ ಮಕ್ಕಳು ಒಣ ಬ್ರೆಡ್ಡಿನ ಅಂಚನ್ನು ಚಹಾದಲ್ಲಿ ಅದ್ದಿಕೊಂಡು ಶಾಲೆಗೆ ಓಡಿದ್ದುಂಟು.

ಈ ಪದ್ಧತಿಯ ಮೂಲ ಕೆಟ್ಟದ್ದಲ್ಲ, ಅದನ್ನೂ ಹೇಳಬೇಕು. ತಾತ ಮೊದಲು ಆ ಊರಿಗೆ ಬಂದ ಕಾಲದಲ್ಲಿ ಜ್ವರ ಹರಡಿತ್ತು, ಔಷಧಿ ಸಾಲದಾಗಿತ್ತು. ಅವರು ಇದ್ದದ್ದನ್ನು ನೆರೆಹೊರೆಗೆ ಮೊದಲು ಕೊಟ್ಟರು, ತಮ್ಮ ಮನೆಗೆ ಮಿಕ್ಕಿದ್ದನ್ನು ಇಟ್ಟುಕೊಂಡರು. ದೇವರ ದಯೆಯಿಂದ ಎಲ್ಲರೂ ಉಳಿದರು. ಅಂದು ಅದು ಪ್ರೀತಿಯಿಂದ ಮಾಡಿದ ಕೆಲಸ. ಆದರೆ ತಾಯ್ನಾಡಿನ ಸಭೆಗಳಲ್ಲಿ ಆ ಕಥೆಯನ್ನು ಹೇಳಿದರು, ಕೇಳಿದವರು ಕಣ್ಣೊರೆಸಿಕೊಂಡರು, ಭೇಟಿಗೆ ಬಂದ ಹಿರಿಯರೆಲ್ಲ ಬೆಂಚಿನ ತುದಿಯಲ್ಲಿ ಕುಳಿತ ಮಕ್ಕಳನ್ನು ನೋಡಿ ಭೇಷ್ ಎಂದರು. ಹೊಗಳಿಕೆಯ ರುಚಿ ಹತ್ತಿದ ಮೇಲೆ ಔಷಧಿ ಬೇಕಾದಷ್ಟು ಇದ್ದರೂ ಪದ್ಧತಿ ನಿಲ್ಲಲಿಲ್ಲ. ಕೆಟ್ಟವರ ಮನೆಯ ಕೆಟ್ಟ ಪದ್ಧತಿಯನ್ನು ಯಾರಾದರೂ ಬೈದಾರು. ಒಳ್ಳೆಯವರ ಮನೆಯ ಕೆಟ್ಟ ಪದ್ಧತಿಗೆ ಎಲ್ಲರೂ ಕೈಮುಗಿಯುತ್ತಾರೆ.

ಡಾಕ್ಟರ ಹೆಂಡತಿಯ ಎದೆಯಲ್ಲಿ ಗಂಟು ಕಂಡಾಗ ಅವಳೂ ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಸಂಜೆಯ ಹೊತ್ತಿಗೆ ಗಂಡ ದಣಿದು ಕೋಣೆಯಿಂದ ಹೊರಗೆ ಬಂದರೆ, "ನಾಳೆ ತೋರಿಸ್ಕೊಳ್ತೀನಿ, ಬನ್ನಿ," ಎಂದು ತಾನೇ ದೀಪ ಆರಿಸುತ್ತಿದ್ದಳು. ಆ ನಾಳೆ ಬಂದಾಗ ಕೈಮೀರಿತ್ತು. ಸಮಾಧಿಯ ಬಳಿ ತಾತ, "ಕೊನೆಯವಳಾಗಿ ನಿಂತ ಮಗಳು," ಎಂದು ಬೋಧಿಸಿದರು. ತಾಯ್ನಾಡಿನಿಂದ ಹೊಗಳಿಕೆಯ ಮಾತುಗಳು ಬಂದವು. ಅತ್ತೆ ಅವುಗಳನ್ನು ಕೇಳಿದ ದಿನ ಅಡುಗೆಮನೆಯಲ್ಲಿ ಒಂದು ಪಾತ್ರೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಉಜ್ಜಿದಳು.

ಈಗ ಚಿಕ್ಕವಳ ಸರದಿ.

"ಪುಟ್ಟೀ, ಹಾಲು ಕುಡಿದ್ಯಾ?"

"ಹಾಕಿದೀನಿ ಅತ್ತೆ."

"ಏನನ್ನ?"

"ಬಾಗಿಲು."

ದೊಡ್ಡವಳು ಬಿದ್ದು ಬಿದ್ದು ನಕ್ಕಳು. ಅತ್ತೆಯೂ ನಕ್ಕಳು. ಮರುದಿನ ಹಾಸಿಗೆ ತೆಗೆಯುವಾಗ ಪುಟ್ಟಿಯ ದಿಂಬಿನ ಮೇಲೆ ಹಳದಿ ಕಲೆ ಕಂಡಿತು. ಮೂಗಿನ ಹತ್ತಿರ ಹಿಡಿದರೆ ಕೆಟ್ಟ ವಾಸನೆ. ಮಗು ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಓಡಾಡುತ್ತಿದ್ದದ್ದು ಆಗ ಅತ್ತೆಗೆ ನೆನಪಾಯಿತು. ನಕ್ಕದ್ದಕ್ಕೆ ತನ್ನ ನಾಲಿಗೆ ತಾನೇ ಕಚ್ಚಿಕೊಂಡಳು.

ಅಂದು ಊಟದ ಮೇಜಿನಲ್ಲೇ ಮಾತು ತೆಗೆದಳು.

"ತಮ್ಮಾ, ಪುಟ್ಟಿ ಕಿವಿ ಸೋರ್ತಾ ಇದೆ. ಊಟ ಆದ್ಮೇಲೆ ಒಂಚೂರು ನೋಡು."

ಡಾಕ್ಟರು ಮಗಳ ಕಡೆ ನೋಡಲಿಲ್ಲ, ತಂದೆಯ ಕಡೆ ನೋಡಿದರು. "ಬೆಂಚಿಗೆ ಕರ್ಕೊಂಡು ಬಾ ಅಕ್ಕ. ಸರದಿ ಬಂದಾಗ ನೋಡ್ತೀನಿ."

"ಎದುರಿಗೇ ಕೂತಿದಾಳಲ್ಲೋ! ಕೈ ಚಾಚಿದ್ರೆ ಕಿವಿ ಸಿಗುತ್ತೆ. ಉಪ್ಪಿನ ಡಬ್ಬಿ ಅದಕ್ಕಿಂತ ದೂರ ಇದೆ."

"ಊಟದ ಹೊತ್ತಲ್ಲಿ ರೋಗದ ಮಾತು ಬೇಡ ಮಗಳೇ," ಎಂದರು ತಾತ, ಮೆತ್ತಗೆ. ಅವರು ಎಂದೂ ದನಿ ಎತ್ತುವವರಲ್ಲ. ಅತ್ತೆಗೆ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಅದಕ್ಕೇ.

"ಮತ್ಯಾವ ಹೊತ್ತಲ್ಲಿ ಅಪ್ಪ? ಹಗಲೆಲ್ಲಾ ಊರಿನ ರೋಗ. ಸಂಜೆ ಪ್ರಾರ್ಥನೆ. ಈ ಮನೇಲಿ ಮಕ್ಕಳು ಕಾಯಿಲೆ ಬೀಳೋಕೆ ಒಂದು ಹೊತ್ತು ಗೊತ್ತು ಮಾಡಿಬಿಡಿ, ಪುಣ್ಯ ಬರುತ್ತೆ."

"ನಾವು ಇಲ್ಲಿಗೆ ಬಂದಿರೋದು ಸೇವೆ ಮಾಡೋಕೆ, ಮಾಡಿಸ್ಕೊಳ್ಳೋಕಲ್ಲ. ಜನ ನಮ್ಮನ್ನ ನೋಡ್ತಿರ್ತಾರೆ ಕಣಮ್ಮ. ನಮ್ಮ ನಡತೆಯೇ ನಮ್ಮ ಸಾಕ್ಷಿ. ಮನೆಯವರು ಮೊದಲು ನುಗ್ಗಿದ್ರೆ ಏನಂದಾರು? ನನ್ನ ಸೊಸೆ ಒಂದು ದಿನ ಗೊಣಗಿದ್ಲಾ?"

"ಗೊಣಗಿದ್ರೆ ಬದುಕಿರ್ತಿದ್ಲು."

ಡಾಕ್ಟರ ಕೈಯಲ್ಲಿದ್ದ ಚಮಚ ತಟ್ಟೆಗೆ ತಾಗಿ ಸದ್ದಾಯಿತು. ಅತ್ತೆ ಮುಂದುವರಿಸಿದಳು.

"ಮೀನು ಹಿಡಿಯೋ ಶಿಷ್ಯನ ಮನೇಲಿ ಅವನ ಅತ್ತೆಗೆ ಜ್ವರ ಬಂದಿತ್ತಲ್ಲಪ್ಪ, ಆಗ ಕರ್ತನು ಏನು ಮಾಡಿದ? ಬೀದಿ ಸುತ್ತಿ ಬಂದು ಬೆಂಚಲ್ಲಿ ಕೂತ್ಕೋ ಅಂದ್ನಾ? ಮೊದಲು ಅವಳ ಕೈ ಹಿಡಿದು ಎಬ್ಬಿಸಿದ. ಊರಿನವರು ಬಾಗಿಲ ಹತ್ರ ನೆರೆದಿದ್ದು ಸಂಜೆ ಆದ್ಮೇಲೆ. ಮೊದಲು ಮನೆ, ಆಮೇಲೆ ಊರು. ನೀವೇ ತಾನೇ ನಮಗೆ ಓದಿ ಹೇಳಿದ್ದು?"

ತಾತ ಸಣ್ಣಗೆ ನಕ್ಕರು. "ಸತ್ಯವೇದದಲ್ಲಿ ಅತ್ತೆ ಅಂತ ಸಿಕ್ಕಿದ ಕೂಡ್ಲೆ ಬಲ ಬಂದುಬಿಡ್ತು ನೋಡು ಇವಳಿಗೆ. ಕರ್ತನ ದಾರಿ ಬೇರೆ, ನಮ್ಮ ದಾರಿ ಬೇರೆ ಮಗಳೇ."

"ಅದನ್ನೇ ನಾನೂ ಹೇಳ್ತಿರೋದು ಅಪ್ಪ. ಬೇರೇನೇ ಆಗ್ಬಿಟ್ಟಿದೆ."

ಆದರೂ ಮಾರನೆಯ ದಿನ ಅವಳು ಪುಟ್ಟಿಯ ಕೈ ಹಿಡಿದು ಬೀದಿ ಸುತ್ತಿ ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಅಪ್ಪನ ಮಾತು ಮೀರಿ ಅವಳಿಗೂ ಅಭ್ಯಾಸವಿರಲಿಲ್ಲ. ತಾತ ಬೆಂಚಿನ ತಲೆಯಲ್ಲಿ ನಿಂತು ಒಬ್ಬೊಬ್ಬರನ್ನೇ ಕೂರಿಸುತ್ತ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತ, ಒಳಗೆ ಕಳಿಸುತ್ತಿದ್ದರು. ಕೆಮ್ಮುವವನು ಬಂದ, ಸರಿದರು. ಹಲ್ಲು ಹಿಡಿದುಕೊಂಡವಳು ಬಂದಳು, ಸರಿದರು. ಏನೂ ಇಲ್ಲದವನೊಬ್ಬ ನೆರಳಿಗೆಂದು ಬಂದು ಕೂತ, ಅವನಿಗೂ ಸರಿದರು. ಬೆಳಕು ಇಳಿದ ಮೇಲೆ ಡಾಕ್ಟರು ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದು, "ಈ ಬೆಳಕಲ್ಲಿ ಕಿವಿಯೊಳಗೆ ಏನೂ ಕಾಣಲ್ಲ ಅಕ್ಕ. ನಾಳೆ ನೋಡ್ಲಾ?" ಎಂದರು. ಹೀಗೆ ಎಷ್ಟೋ ನಾಳೆಗಳು ಹೋದವು. ಅತ್ತೆ ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟಳು, ಹತ್ತಿ ಬದಲಿಸಿದಳು, ಮನೆಯವರೆಲ್ಲರ ಮೇಲೂ ರೇಗಿದಳು. ಮಗು ಈಗ ಕರೆದರೆ ತಿರುಗದೆ, ಎದುರಿಗೆ ನಿಂತವರ ತುಟಿ ನೋಡಿ ಉತ್ತರ ಕೊಡುವುದನ್ನು ಕಲಿತುಬಿಟ್ಟಿತ್ತು.

ಒಂದು ಬೆಳಿಗ್ಗೆ ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕೂತವಳು ಬೀದಿಯ ತರಕಾರಿಯವಳು. ಮಡಿಲಲ್ಲಿ ಮಗು, ಮಗುವಿನ ಕಿವಿಯಲ್ಲಿ ಹತ್ತಿ. ಇಬ್ಬರೂ ಅರ್ಧ ಮಾತು ಅರ್ಧ ಕೈಸನ್ನೆಯಲ್ಲಿ ಹರಟುತ್ತಿದ್ದಾಗ ಅವಳ ಬುಟ್ಟಿಯಲ್ಲಿ ಮುಚ್ಚಳ ತೆಗೆಯದ ಔಷಧಿಯ ಬಾಟ್ಲಿ ಅತ್ತೆಯ ಕಣ್ಣಿಗೆ ಬಿತ್ತು.

"ಇದನ್ನ ಹಾಕ್ಲೇ ಇಲ್ವಲ್ಲೇ!"

"ಬೈಬೇಡಿ ಅತ್ತೆ. ಹಾಕಲ್ಲ."

"ಮತ್ಯಾಕೆ ಬರ್ತೀಯ?"

"ತಾತನೋರ ಪ್ರಾರ್ಥನೆ ತಂಪಾಗಿರುತ್ತೆ. ಊಟಾನೂ ಹಾಕ್ತೀರಿ." ತರಕಾರಿಯವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಮದ್ದು ಮಾತ್ರ ಹೆದರಿಕೆ. ನಿಮ್ಮ ಮನೆಯೋರೇ ಮುಟ್ಟಲ್ವಲ್ಲ? ಡಾಕ್ಟರ ಹೆಂಡ್ತಿ ಇಲ್ಲೇ, ನೀವು ಕೂತಿರೋ ಜಾಗದಲ್ಲೇ ಕೂರ್ತಿದ್ರು. ಸರದಿ ಬಂತು ಅಂದ್ರೆ ಇನ್ನೊಬ್ರಿಗೆ ಬಿಟ್ಟುಕೊಡ್ತಿದ್ರು. ಸತ್ತರೇ ಹೊರತು ಒಂದು ಹನಿ ಮದ್ದು ತಗೊಳ್ಳಲಿಲ್ಲ ಪುಣ್ಯಾತ್ಗಿತ್ತಿ. ಅಡುಗೆ ಮಾಡಿದೋನು ತನ್ನ ಮನೆಯೋರಿಗೆ ಬಡಿಸಲ್ಲ ಅಂದ್ರೆ ಆ ಅಡುಗೇಲಿ ಏನೋ ಇದೆ ಅಂತ ತಾನೇ? ಬೀದೀಲಿ ಎಲ್ರಿಗೂ ಗೊತ್ತು. ಒಳ್ಳೇ ಜನ ನೀವು, ಬೇಜಾರಾಗ್ಬಾರ್ದು ಅಂತ ಯಾರೂ ಹೇಳಲ್ಲ."

ಅತ್ತೆಗೆ ಮೊದಲು ನಗು ಬಂತು. ನಗು ಬಾಯಿಗೆ ಬರುವಷ್ಟರಲ್ಲಿ ಬೇರೆ ಏನೋ ಆಯಿತು. ಅವಳು ತನ್ನ ಕೆಳಗಿನ ಮರವನ್ನು ಕೈಯಿಂದ ಮುಟ್ಟಿ ನೋಡಿದಳು. ಕೂತು ಕೂತು ಹಲಗೆ ಅಲ್ಲಿ ನುಣುಪಾಗಿತ್ತು.

ಎದ್ದವಳೇ ಪುಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡಳು. ಮಗು ಎತ್ತಿಕೊಳ್ಳುವ ವಯಸ್ಸು ದಾಟಿತ್ತು. ಅದರ ಕಾಲು ಅತ್ತೆಯ ಮೊಣಕಾಲಿನವರೆಗೆ ಜೋತಾಡುತ್ತಿತ್ತು. ಜಗುಲಿ ಇಳಿದು, ಬೀದಿ ಸುತ್ತಿ, ಮುಂಬಾಗಿಲು ಹಾದು ಅಡುಗೆಮನೆಗೆ ಬಂದಳು. ಚಿಲಕ ಸರಿಸಿ, ಬಿಸಿನೀರಿನ ಬಾಗಿಲನ್ನು ಕಾಲಿನಿಂದ ನೂಕಿ ನೇರ ಡಾಕ್ಟರ ಕೋಣೆಯ ನಡುವಿಗೆ ಹೋಗಿ ನಿಂತಳು. ಅಲ್ಲಿದ್ದ ಕೆಮ್ಮಿನ ಮುದುಕ ಗಾಬರಿಯಾಗಿ ತಾನೇ ಎದ್ದು ಕುರ್ಚಿ ಬಿಟ್ಟ.

"ಇವಳನ್ನ ನೋಡು. ಈಗ."

"ಅಕ್ಕಾ..." ಡಾಕ್ಟರು ಹೊರಬಾಗಿಲಿನ ಕಡೆ ನೋಡಿದರು. ಸದ್ದು ಕೇಳಿ ತಾತ ಅಲ್ಲಿಗೆ ಬಂದು ನಿಂತಿದ್ದರು. ಅವರ ಹಿಂದೆ ಬೆಂಚಿಗೆ ಬೆಂಚೇ ಎದ್ದು ಬಂದಿತ್ತು.

"ಏನಿದು ಮಗಳೇ? ಜನ ನೋಡ್ತಿದಾರೆ."

"ನೋಡ್ಲಿ ಅಂತಲೇ ತಂದಿದೀನಿ. ಸಾಕ್ಷಿ ಸಾಕ್ಷಿ ಅಂತೀರಲ್ಲಪ್ಪ, ನಿಮ್ಮ ಸಾಕ್ಷೀನ ಈ ಊರು ಹೇಗೆ ತಿಳ್ಕೊಂಡಿದೆ ಗೊತ್ತಾ? ಡಾಕ್ಟರ ಮನೆಯವರೇ ಮುಟ್ಟದ ಮದ್ದು ವಿಷ ಅಂತ ತಿಳ್ಕೊಂಡಿದೆ. ಆ ತರಕಾರಿಯವಳ ಬುಟ್ಟೀಲಿ ಬಾಟ್ಲಿ ಹಾಗೇ ಇದೆ, ಕೇಳಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರೆ. ನಾವು ಊರಿಗೂ ಉಪಕಾರ ಮಾಡ್ಲಿಲ್ವಲ್ಲಪ್ಪ!"

ತಾತ ತರಕಾರಿಯವಳ ಕಡೆ ತಿರುಗಿದರು. ಅವರಿಗೆ ಆ ಊರಿನ ಭಾಷೆ ಹುಟ್ಟಿದವರಿಗಿಂತ ಚೆನ್ನಾಗಿ ಬರುತ್ತಿತ್ತು. ಏನೋ ಕೇಳಿದರು. ಅವಳು ತಲೆ ತಗ್ಗಿಸಿ, ಬುಟ್ಟಿಯಿಂದ ಬಾಟ್ಲಿ ತೆಗೆದು ಅವರ ಕೈಗೆ ಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದರು. ತುಂಬಿತ್ತು.

"ಸೊಸೆ ಒಂದು ಮಾತು ಕೇಳಿದ್ರೆ ನಾನು ಬೇಡ ಅಂತಿದ್ನಾ?" ಎಂದರು, ಯಾರಿಗೂ ಅಲ್ಲದಂತೆ.

"ಕೇಳಬಾರ್ದು ಅಂತ ಕಲಿಸಿದ್ದು ಯಾರಪ್ಪ?"

ಡಾಕ್ಟರು ಅಷ್ಟರಲ್ಲಿ ಮಗಳನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಕಿವಿ ನೋಡುವ ದೀಪ ಹಿಡಿದು ಬಗ್ಗಿದವರು ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ಅವರ ಮುಖವನ್ನು ಅತ್ತೆ ನೋಡಲಾರದೆ ಹೋದಳು.

"ಬಲಗಿವಿ ಒಳಗೆಲ್ಲಾ ಸವೆದುಹೋಗಿದೆ ಅಕ್ಕ. ಇನ್ನು ಕೇಳಲ್ಲ. ಎಡಗಿವಿಗೂ ಈಗಷ್ಟೇ ಶುರುವಾಗಿದೆ... ಅದನ್ನ ಉಳಿಸ್ತೀನಿ. ಅದನ್ನ ಉಳಿಸ್ತೀನಿ."

ಎರಡು ಸಲ ಹೇಳಿದರು. ಕಪಾಟಿನಿಂದ ಹೊಸ ಬಾಟ್ಲಿ ತೆಗೆದು, ಮಗಳ ತಲೆಯನ್ನು ತಮ್ಮ ತೊಡೆಯ ಮೇಲೆ ಒರಗಿಸಿಕೊಂಡು, ಎಲ್ಲರ ಎದುರಿಗೆ ಹನಿ ಬಿಟ್ಟರು. ಪುಟ್ಟಿಗೆ ಕಚಗುಳಿಯಾಗಿ ನಕ್ಕಳು. ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಎಷ್ಟು ಕಾಲವಾಗಿತ್ತೋ ಆ ಮಗು! ಬಾಗಿಲಲ್ಲಿ ನೆರೆದ ಜನ ಕತ್ತು ಚಾಚಿ ನೋಡುತ್ತಲೇ ಇದ್ದರು. ತರಕಾರಿಯವಳು ಮೆಲ್ಲಗೆ ಮುಂದೆ ಬಂದು ತನ್ನ ಮಗುವಿನ ಕಿವಿಯ ಹತ್ತಿ ತೆಗೆದಳು.

"ಅದೇ ಬಾಟ್ಲಿಯಿಂದ ಹಾಕಿ," ಎಂದಳು. "ನನ್ನದರಿಂದ ಬೇಡ. ಅದರಿಂದಲೇ."

ಆ ಮಧ್ಯಾಹ್ನ ಅತ್ತೆ ಸ್ಕ್ರೂ ಬಿಚ್ಚಿ ಅಡುಗೆಮನೆಯ ಬಾಗಿಲಿನ ಚಿಲಕವನ್ನೇ ಕಳಚಿಹಾಕಿದಳು. ತಾತ ರೋಗಿಗಳೆಲ್ಲ ಹೋದ ಮೇಲೂ ಬೆಂಚಿನಿಂದ ಎದ್ದು ಬರಲಿಲ್ಲ. ಅವರು ಯಾವಾಗಲೂ ನಿಲ್ಲುತ್ತಿದ್ದ ತಲೆಯ ಕಡೆಯಲ್ಲ, ತುದಿಯಲ್ಲಿ ಕೂತಿದ್ದರು.

ಊಟಕ್ಕೆ ಕರೆದಾಗ ಬಂದರು. ಅಭ್ಯಾಸದಂತೆ ಕುರ್ಚಿಯ ಬೆನ್ನು ಹಿಡಿದು ನಿಂತರು. "ಬಂದವರದ್ದು..." ಎಂದು ಶುರುಮಾಡಿ ನಿಲ್ಲಿಸಿದರು. ಅತ್ತೆ ಸೌಟು ಹಿಡಿದ ಕೈಯನ್ನು ಹಾಗೇ ತಡೆದು ಕಾದಳು; ಇನ್ನೊಂದು ಜಗಳಕ್ಕೆ ಅವಳ ನಾಲಿಗೆ ಸಿದ್ಧವಾಗಿಯೇ ಇತ್ತು.

"ಪುಟ್ಟೀ, ನಿಂದು ಆಯ್ತೇನಮ್ಮ?" ಎಂದು ಕೇಳಿದರು ತಾತ.

ಪುಟ್ಟಿ ಮೊಟ್ಟೆಯ ಸಿಪ್ಪೆ ಬಿಡಿಸುತ್ತ ಕೂತಿದ್ದಳು. ತಾತ ನಿಂತಿದ್ದದ್ದು ಅವಳ ಬಲಕ್ಕೆ. ಅವಳು ತಲೆ ಎತ್ತಲಿಲ್ಲ.

ಸಭೆಯ ಹಿಂದಿನ ಸಾಲಿನವರೆಗೂ ದನಿ ಮುಟ್ಟಿಸುತ್ತಿದ್ದ ಆ ಮುದುಕರು ಇನ್ನೊಮ್ಮೆ ಕರೆದರು, ಸ್ವಲ್ಪ ಗಟ್ಟಿಯಾಗಿ. ಆಮೇಲೆ ಕುರ್ಚಿ ಬಿಟ್ಟು, ಮೇಜಿನ ಅಂಚು ಹಿಡಿದುಕೊಂಡು ನಿಧಾನವಾಗಿ ಸುತ್ತಿ ಬಂದು, ಮೊಮ್ಮಗಳ ಎಡಗಡೆ ಮಂಡಿಯೂರಿ ಕೂತು, ಮತ್ತೆ ಕೇಳಿದರು.