ಒಂದೇ ವರ್ಷದ ಗಿಡ

ನೆಲ ಯಾಕೆ ಹೀಗೆ ಬೋಳಾಗಿ ಕಾಣುತ್ತಿದೆ, ಅಡುಗೆಮನೆ ಕಿಟಕಿಯ ಗಾಜಿಗೆ ಹಬೆ ಕೂತಿರಬೇಕು, ಒರೆಸಿದೆ, ಹಬೆಯಲ್ಲ — ಗಿಡಗಳೇ ಇಲ್ಲ, ಒಂದೂ ಇಲ್ಲ, ಹಿತ್ತಲಿನ ಉದ್ದಕ್ಕೂ ಕೆರೆದು ಗುಡಿಸಿದ್ದಾರೆ, ಮತ್ಯಾರು, ಅಕ್ಕ, ನಾಲ್ಕು ದಿನ ಇದ್ದು ಹೋಗಲು ಬಂದವಳು, ನೀನು ಕೆಲಸದಿಂದ ಬರೋಷ್ಟರಲ್ಲಿ ಎಲ್ಲ ಕ್ಲೀನ್ ಮಾಡಿದೀನಿ ನೋಡೇ, ಒಣಗಿ ಸತ್ತೋಗಿದ್ವು, ಮೂಟೆ ಕಟ್ಟಿ ಕಸದ ಲಾರಿಗೆ ಕೊಟ್ಟೆ, ಬೆನ್ನು ಬಿದ್ದೋಯ್ತು, ಎಂದು ನನ್ನ ಮುಂದೆಯೇ ಸೊಂಟ ಹಿಡಿದುಕೊಳ್ಳುತ್ತಾಳೆ, ಅಂದರೆ ನಾನೀಗ ಅವಳಿಗೆ ಥ್ಯಾಂಕ್ಸ್ ಹೇಳಬೇಕು, ಕಾಫಿ ಮಾಡಿಕೊಡಬೇಕು, ಮಾಡುತ್ತಲೂ ಇದ್ದೇನೆ, ಹಾಲಿಗಿಂತ ಮೊದಲು ನಾನೇ ಉಕ್ಕಿಬಿಡುತ್ತೇನೇನೋ.

ಸತ್ತಿದ್ದವಂತೆ! ಒಂದೇ ವರ್ಷದ ಗಿಡ ಕಣೇ ಅದು, ಹೂ ಬಿಟ್ಟಮೇಲೆ ಒಣಗಲೇಬೇಕು, ಒಣಗಿ ನಿಂತಾಗಲೇ ಬೀಜ ಬಲಿಯುವುದು, ಇನ್ನೊಂದು ವಾರ, ಒಂದು ಜೋರು ಗಾಳಿ, ತಾವೇ ಉದುರಿ ತಾವೇ ಏಳುತ್ತಿದ್ದವು, ಪ್ರತಿ ವರ್ಷ ಹಾಗೇ ಎದ್ದಿವೆ, ಅದಕ್ಕೇ ನಾನು ಒಂದು ಬೀಜವನ್ನೂ ಡಬ್ಬಿಯಲ್ಲಿ ತೆಗೆದಿಟ್ಟಿಲ್ಲ — ಅಪ್ಪನ ಕಾರ್ಖಾನೆ ಹಿಂದಿನ ಬಯಲಲ್ಲಿ ಯಾರೂ ಬಿತ್ತದೆ ಬೆಳೆದ ಹಳದಿ ಹೂ, ಬೇರೆಲ್ಲೂ ಕಂಡಿಲ್ಲ, ಆ ಬಯಲಿಗೆ ಕಾಂಕ್ರೀಟ್ ಸುರಿಯುವ ಮುಂಚೆ ಒಂದು ಹಿಡಿ ಬೀಜ ತಂದೆ, ಗೊಬ್ಬರ ಹಾಕಲಿಲ್ಲ, ಮಣ್ಣು ಮುಚ್ಚಲಿಲ್ಲ, ಮುಚ್ಚಿದರೆ ಮೊಳೆಯವು, ಬರಿ ನೆಲದ ಮೇಲೆ ಉದುರಿಸಿ, ನೆಲಕ್ಕೆ ಒತ್ತಿಕೊಳ್ಳಲೆಂದು ಹಲಗೆಯಿಟ್ಟು ಅದರ ಮೇಲೆ ನಡೆದೆ, ಪಕ್ಕದ ಮನೆಯವರು ಬೇಲಿಯಾಚೆಯಿಂದ ಕತ್ತು ಚಾಚಿ ಏನ್ರೀ, ಕಳೆಗೆ ಇಸ್ತ್ರಿ ಹಾಕ್ತಿದೀರಾ ಎಂದು ನಕ್ಕರು, ನಗಲಿ, ಅವರು ಕೀಳಲಿಲ್ಲವಲ್ಲ.

ಕೀಳುವುದು ಅಕ್ಕನ ಹುಟ್ಟುಗುಣ, ಆ ಹೆಬ್ಬೆರಳು, ಆ ತೋರುಬೆರಳು, ಚಿಕ್ಕವಳಿದ್ದಾಗ ನನ್ನ ಅಲ್ಲಾಡುವ ಹಲ್ಲು, ದೊಡ್ಡವಳಾದಮೇಲೆ ನನ್ನ ಮೊದಲ ಬಿಳಿಗೂದಲು, ಕೇಳದೆ ಹೇಳದೆ ಹಿಂದಿನಿಂದ ಬಂದು ಪಟಕ್ಕನೆ, ಅಯ್ಯೋ ನಿನ್ನ ಒಳ್ಳೇದಕ್ಕೇ ಅಲ್ವೇನೇ, ಅಮ್ಮನೂ ಅವಳ ಕಡೆಯೇ, ದೊಡ್ಡವಳು ಮಾಡಿದ್ರೆ ಸರಿಯಾಗೇ ಇರುತ್ತೆ ಬಿಡು, ಇರಲ್ಲ ಅಮ್ಮ, ಯಾವತ್ತೂ ಇರಲಿಲ್ಲ, ಮೈಯೆಲ್ಲ ಉರಿಯುತ್ತಿದೆ ನನಗೆ, ಲಾರಿ ಎಷ್ಟೊತ್ತಿಗೆ ಹೋಯ್ತು ಅಂದರೆ ಬೆಳಗ್ಗೇನೇ ಹೋಯ್ತು, ಯಾಕೇ ಎನ್ನುತ್ತಾಳೆ, ಯಾಕಂತೆ! ನಾಳೆ ನರ್ಸರಿಯಿಂದ ನಾಲ್ಕು ಕುಂಡ ತಂದಿಡೋಣ ಬಿಡೇ, ನೀಟಾಗಿರುತ್ತೆ — ಲೋಟ ಕೊಡಲು ತಿರುಗಿದೆ, ಅವಳು ಸಿಂಕಿನ ಹತ್ತಿರ ನಿಂತು, ಬೆಳಗ್ಗೆ ತೊಟ್ಟಿದ್ದ ಸ್ವೆಟರಿನ ತೋಳನ್ನು ಬೆಳಕಿಗೆ ಹಿಡಿದಿದ್ದಾಳೆ, ಥೂ, ಏನೇ ಇದು ದರಿದ್ರ, ಹೀಗೆ ಅಂಟ್ಕೊಂಡಿದೆ, ಉಣ್ಣೆಯ ತುಂಬ ಎರಡೆರಡು ಕೊಂಬಿನ ಕರಿಯ ಬೀಜ, ಬಲಿತವು, ನಲ್ಲಿ ಬಿಟ್ಟಿದ್ದಾಳೆ, ಹೆಬ್ಬೆರಳು, ತೋರುಬೆರಳು, ಒಂದು ಕಿತ್ತು ನೀರಿಗೆ, ಇನ್ನೊಂದು ನೀರಿಗೆ, ಮುಟ್ಟಬೇಡ, ಮುಟ್ಟಬೇಡ್ವೇ ಅದನ್ನ, ಹೀಗೆ ಕಿರುಚುತ್ತಿರುವುದು ನಾನೇ ಇರಬೇಕು, ಅವಳು ಬೆಚ್ಚಿ ನನ್ನನ್ನೇ ನೋಡುತ್ತಿದ್ದಾಳೆ, ಹೆಬ್ಬೆರಳು, ತೋರುಬೆರಳು, ನಡುವೆ ಒಂದು ಬೀಜ, ಕೆಳಗೆ ನೀರು, ಬೆರಳು ಇನ್ನೂ ಬಿಟ್ಟಿಲ್ಲ